ಬಿಳಿ ಕೋಟಿನ ಮೇಷ್ಟ್ರು

ಒಂಬತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡಬೇಕಾದರೆ ಬಿ.ಎಡ್. ಬೇಕು. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಹೃದಯದ ಬಡಿತವನ್ನು ಕಿವಿಗೊಟ್ಟು ಕೇಳುವುದು ಹೇಗೆಂದು ಕಲಿಸಲು ಬಹುಕಾಲ ಅಂಥ ಯಾವ ತರಬೇತಿಯೂ ಬೇಕಿರಲಿಲ್ಲ. ಎಂ.ಡಿ. ಅಥವಾ ಎಂ.ಎಸ್. ಮುಗಿಸಿ, ಸೀನಿಯರ್ ರೆಸಿಡೆಂಟ್ ಆಗಿ ದುಡಿದವರು ಸಹಾಯಕ ಪ್ರಾಧ್ಯಾಪಕರಾಗುತ್ತಿದ್ದರು. ನಿನ್ನೆಯವರೆಗೆ ಪಕ್ಕದ ಬೆಂಚಿನಲ್ಲಿದ್ದವರು ಇಂದು ಹಲಗೆಯ ಮುಂದೆ ನಿಲ್ಲುತ್ತಿದ್ದರು. ಒಳ್ಳೆಯ ವೈದ್ಯರು ಒಳ್ಳೆಯ ಮೇಷ್ಟ್ರೂ ಆಗಿರುತ್ತಾರೆಂಬ ನಂಬಿಕೆಯೇ ಇದಕ್ಕೆಲ್ಲ ಆಧಾರ. ಆ ನಂಬಿಕೆ ಎಷ್ಟು ಸಡಿಲವೆಂಬುದು ವೈದ್ಯಕೀಯ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂತಿದ್ದವರಿಗೆಲ್ಲ ಗೊತ್ತು.

ವೈದ್ಯಕೀಯ ಬೋಧಕರದು ಒಂದು ಸಂಬಳಕ್ಕೆ ಮೂರು ಕೆಲಸ. ಹೊರರೋಗಿ ವಿಭಾಗ, ವಾರ್ಡ್, ಶಸ್ತ್ರಚಿಕಿತ್ಸೆ ಒಂದು ಕಡೆ, ಪಾಠ, ಪರೀಕ್ಷೆ, ಸ್ನಾತಕೋತ್ತರ ವಿದ್ಯಾರ್ಥಿಗಳ ಥೀಸಿಸ್ ಇನ್ನೊಂದು ಕಡೆ, ಮೂರನೆಯದು ಸಂಶೋಧನೆ. ರೋಗಿ ಕಾಯುವಂತಿಲ್ಲ, ಪಾಠ ವೇಳಾಪಟ್ಟಿಗೆ ಕಟ್ಟುಬಿದ್ದಿದೆ. ನಾಳೆಗೆ ತಳ್ಳಬಹುದಾದದ್ದು ಸಂಶೋಧನೆಯೊಂದೇ. ವಿಚಿತ್ರವೆಂದರೆ ಬಡ್ತಿ ನಿಂತಿರುವುದು ಹೀಗೆ ದಿನವೂ ನಾಳೆಗೆ ಹೋಗುವ ಆ ಕೆಲಸದ ಮೇಲೆ. ಇಡೀ ದಿನ ರೋಗಿಗಳ ನಡುವೆ ನಿಂತು, ಹಾಸಿಗೆಯ ಪಕ್ಕದಲ್ಲೇ ಹತ್ತು ಹುಡುಗರಿಗೆ ಪಾಠ ಹೇಳಿದವರ ಹೆಸರಿನ ಮುಂದೆ ಕಡತದಲ್ಲಿ ದಾಖಲಾಗುವುದು ಎರಡೇ: ಹಾಜರಿ ಮತ್ತು ಪ್ರಬಂಧಗಳ ಸಂಖ್ಯೆ.

ವೈದ್ಯರಿಗೂ ಬೋಧನೆಯನ್ನು ಪ್ರತ್ಯೇಕವಾಗಿ ಕಲಿಸಬೇಕೆಂಬ ವಿಚಾರ ಮೊದಲು ಗಟ್ಟಿಯಾಗಿ ಕಾಲೂರಿದ್ದು ಅಮೆರಿಕದ ಬಫೆಲೊ ನಗರದಲ್ಲಿ, 1950ರ ದಶಕದಲ್ಲಿ. ಜಾರ್ಜ್ ಮಿಲ್ಲರ್ ಎಂಬ ವೈದ್ಯರು ಅಲ್ಲಿನ ವಿಶ್ವವಿದ್ಯಾಲಯದ ಶಿಕ್ಷಣಶಾಸ್ತ್ರ ವಿಭಾಗದವರನ್ನು ವೈದ್ಯಕೀಯ ಬೋಧಕರ ಜೊತೆ ಒಂದೇ ಮೇಜಿಗೆ ಕೂರಿಸಿದರು. ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳ ಪಿರಮಿಡ್ಡನ್ನು ಮುಂದೆ 1990ರಲ್ಲಿ ಬರೆದವರೂ ಅವರೇ. ಇವತ್ತು ಭಾರತದ ಯಾವುದೇ ವೈದ್ಯಕೀಯ ಕಾಲೇಜಿನ ತರಬೇತಿ ಕೊಠಡಿಗೆ ಹೋದರೂ ಆ ಪಿರಮಿಡ್ ಪರದೆಯ ಮೇಲೆ ಒಮ್ಮೆ ಬಂದೇ ಬರುತ್ತದೆ.

ಭಾರತದಲ್ಲಿ ಈ ಕೆಲಸ ನೆಲೆ ಕಂಡದ್ದು ಪುದುಚೇರಿಯ ಜಿಪ್‌ಮರ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1970ರ ದಶಕದ ನಡುವಿನಲ್ಲಿ ಅಲ್ಲಿ ರಾಷ್ಟ್ರೀಯ ಶಿಕ್ಷಕ ತರಬೇತಿ ಕೇಂದ್ರ ಶುರುವಾಯಿತು. ಪ್ರತಿ ಕಾಲೇಜಿನಲ್ಲೂ ವೈದ್ಯಕೀಯ ಶಿಕ್ಷಣ ಘಟಕವಿರಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 1997ರ ನಿಯಮಾವಳಿಯಲ್ಲಿ ಹೇಳಿತು. ಬಹಳ ಕಡೆ ಆ ಘಟಕವೆಂದರೆ ಬಾಗಿಲಿಗೊಂದು ಫಲಕ, ಒಳಗೊಂದು ಬೀರು. 2009ರ ಹೊತ್ತಿಗೆ ಪರಿಷತ್ತು ಪ್ರಾದೇಶಿಕ ಕೇಂದ್ರಗಳನ್ನು ಗುರುತಿಸಿ, ಬೋಧಕರೆಲ್ಲ ಮೂಲ ತರಬೇತಿ ಪಡೆಯಬೇಕೆಂದ ಮೇಲೆ ಬೀರುಗಳ ಬೀಗ ತೆರೆದವು. ಕರ್ನಾಟಕದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಇಂತಹ ಕೇಂದ್ರಗಳಾಗಿ ಸುತ್ತಲಿನ ಕಾಲೇಜುಗಳ ಬೋಧಕರಿಗೆ ತರಬೇತಿ ಕೊಟ್ಟವು.

ಈ ಕಾರ್ಯಾಗಾರಗಳು ಕೆಲವೇ ದಿನಗಳವು, ಆದರೆ ಅವುಗಳಲ್ಲಿ ಸ್ವಾರಸ್ಯವಿದೆ. ಸೂಕ್ಷ್ಮಬೋಧನೆ ಎಂಬ ಅಭ್ಯಾಸವನ್ನೇ ನೋಡಬಹುದು. ಒಬ್ಬ ಬೋಧಕರು ಐದಾರು ನಿಮಿಷದ ಪಾಠ ಮಾಡಬೇಕು, ಸಹೋದ್ಯೋಗಿಗಳು ವಿದ್ಯಾರ್ಥಿಗಳಂತೆ ಕೂತು ಕೇಳಿ, ಬಳಿಕ ಅಭಿಪ್ರಾಯ ಹೇಳಬೇಕು. ಇಪ್ಪತ್ತು ವರ್ಷ ಸರ್ವಿಸ್ ಆದ ಪ್ರಾಧ್ಯಾಪಕರಿಗೆ ನಿನ್ನೆ ಸೇರಿದ ಸಹಾಯಕ ಪ್ರಾಧ್ಯಾಪಕಿಯೊಬ್ಬರು, ನೀವು ಪರದೆಯ ಕಡೆ ತಿರುಗಿ ಓದುತ್ತೀರಿ, ನಮ್ಮ ಮುಖ ನೋಡುವುದಿಲ್ಲ ಎನ್ನಬಹುದಾದ ಅಪರೂಪದ ಜಾಗ ಅದು. ಶ್ರೇಣಿ ಬಿಗಿಯಾಗಿರುವ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಮಾತು ಬೇರೆಲ್ಲೂ ಬಾಯಿಂದ ಹೊರಬೀಳುವುದಿಲ್ಲ. ಬಹುಆಯ್ಕೆಯ ಪ್ರಶ್ನೆಯೊಂದನ್ನು ತಪ್ಪಿಲ್ಲದೆ ಬರೆಯುವುದು ಎಷ್ಟು ಕಷ್ಟವೆಂಬುದೂ ಹೆಚ್ಚಿನವರಿಗೆ ಗೊತ್ತಾಗುವುದು ಅಲ್ಲಿಯೇ.

ತರಬೇತಿಗೆ ನಿಜವಾದ ಒತ್ತಡ ಬಂದದ್ದು 2019ರಲ್ಲಿ, ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಯಾದಾಗ. ವಿದ್ಯಾರ್ಥಿ ಏನು ಓದಿದ ಎನ್ನುವುದಕ್ಕಿಂತ ಏನು ಮಾಡಬಲ್ಲ ಎನ್ನುವುದು ಮುಖ್ಯವೆಂದು ಆ ಪಠ್ಯಕ್ರಮ ಹೇಳುತ್ತದೆ. ಮನೋಭಾವ, ನೀತಿ ಮತ್ತು ಸಂವಹನಕ್ಕೆ ಏಟ್‌ಕಾಮ್ ಎಂಬ ಪ್ರತ್ಯೇಕ ಪಾಠಮಾಲೆ ಬಂತು. ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಳುವುದು ಹೇಗೆಂದು ಪಾಠ ಮಾಡಬೇಕಾದ ಬೋಧಕರು, ತಮಗೆ ಅದನ್ನು ಯಾರೂ ಎಂದೂ ಹೇಳಿಕೊಟ್ಟಿರಲಿಲ್ಲ ಎಂಬುದನ್ನು ಆಗ ಕಂಡುಕೊಂಡರು.

ಇನ್ನು ಬಡ್ತಿಯ ಏಣಿ. ವೈದ್ಯಕೀಯ ಪರಿಷತ್ತಿನ ಜಾಗಕ್ಕೆ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಬೋಧಕರ ಅರ್ಹತಾ ನಿಯಮಗಳ ಪ್ರಕಾರ, ಸಹಾಯಕ ಪ್ರಾಧ್ಯಾಪಕರು ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷ ಮತ್ತು ಎರಡು ಪ್ರಬಂಧ. ಅಲ್ಲಿಂದ ಪ್ರಾಧ್ಯಾಪಕ ಹುದ್ದೆಗೆ ಮೂರು ವರ್ಷ ಮತ್ತು ಒಟ್ಟು ನಾಲ್ಕು ಪ್ರಬಂಧ. ಜೊತೆಗೆ ವೈದ್ಯಕೀಯ ಶಿಕ್ಷಣದ ಮೂಲ ತರಬೇತಿ ಮತ್ತು ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್ ಎರಡೂ ಆಗಿರಬೇಕು. ಎರಡನೆಯದನ್ನು ಚೆನ್ನೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆ ಆನ್‌ಲೈನಿನಲ್ಲಿ ನಡೆಸುತ್ತದೆ. ಬೀದರಿನಲ್ಲಿರಲಿ, ಕಾರವಾರದಲ್ಲಿರಲಿ, ಪಾಠಗಳನ್ನು ರಜೆ ಹಾಕದೆ ಮನೆಯಲ್ಲೇ ಕೂತು ಕೇಳಬಹುದು. ಸಣ್ಣ ಊರಿನ ಬೋಧಕರಿಗೆ ಇದು ಸಣ್ಣ ಅನುಕೂಲವಲ್ಲ.

ತೊಡಕಿರುವುದು ಪ್ರಬಂಧಗಳ ಲೆಕ್ಕದಲ್ಲಿ. ಯಾರ ಹೆಸರು ಎಷ್ಟನೆಯದು ಎಂಬುದರ ಮೇಲೆ ಬಡ್ತಿ ನಿಂತದ್ದರಿಂದ, ಲೇಖಕರ ಸಾಲಿನಲ್ಲಿ ಜಾಗ ಹಿಡಿಯುವುದೇ ವಿಭಾಗದೊಳಗಿನ ರಾಜಕೀಯವಾಯಿತು. ಒಂದು ಹಂತದಲ್ಲಿ ಮೊದಲ ಲೇಖಕರಿಗೆ ಮತ್ತು ಪತ್ರವ್ಯವಹಾರದ ಹೊಣೆ ಹೊತ್ತವರಿಗೆ ಮಾತ್ರ ಮನ್ನಣೆಯಿತ್ತು. 2020ರಲ್ಲಿ ಅದನ್ನು ಮೊದಲ ಮೂವರಿಗೆ ಹಿಗ್ಗಿಸಲಾಯಿತು. ಅದಕ್ಕೂ ಹಿಂದೆ, 2015ರ ಸುತ್ತೋಲೆ ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಹೇಳಿತ್ತು. ಜಗತ್ತಿನ ಒಳ್ಳೆಯ ಪತ್ರಿಕೆಗಳೆಲ್ಲ ಕಾಗದ ಬಿಟ್ಟು ಪರದೆಗೆ ಏರುತ್ತಿದ್ದ ಕಾಲವದು! ಬರೆಯಲೇಬೇಕು, ಬೇಗ ಬರೆಯಬೇಕು, ಬರೆಯುವುದನ್ನು ಕಲಿಸುವವರಿಲ್ಲ. ಈ ಮೂರೂ ಕೂಡಿದಲ್ಲಿ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. ಕೆಲಸವನ್ನೇ ಮಾಡದ ವಿಭಾಗ ಮುಖ್ಯಸ್ಥರ ಹೆಸರು ಎಲ್ಲ ಪ್ರಬಂಧಗಳಲ್ಲೂ ಇಣುಕುವುದು, ಅಂಕಿಅಂಶ ಕಲೆಹಾಕಿದ ಕಿರಿಯರ ಹೆಸರು ನಾಲ್ಕನೆಯ ಜಾಗಕ್ಕೆ ಜಾರುವುದು ಮಾಮೂಲಾಯಿತು. ಹೆರಿಗೆ ರಜೆಗೆ ಹೋಗಿ ಬಂದವರು, ಬೇರೆ ಊರಿಗೆ ವರ್ಗವಾದವರು, ಮುಖ್ಯಸ್ಥರ ಕೃಪೆಗೆ ಹೊರಗಾದವರು ಮೊದಲು ಆ ಸಾಲಿನಲ್ಲಿ ಜಾಗ ಕಳೆದುಕೊಳ್ಳುತ್ತಾರೆ. ಹೊರಗಿಡುವುದಕ್ಕೆ ದೊಡ್ಡ ಪಿತೂರಿ ಬೇಕಿಲ್ಲ, ಲೇಖಕರ ಪಟ್ಟಿಯೊಂದೇ ಸಾಕು.

ಕಾಲೇಜುಗಳ ಸಂಖ್ಯೆ ಏರಿದ ವೇಗ ಬೋಧಕರ ಈ ತೊಡಕಿಗೆ ಇನ್ನೊಂದು ಮುಖ ಕೊಟ್ಟಿದೆ. ದೇಶದಲ್ಲಿ 2014ರಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು, ಹತ್ತು ವರ್ಷದಲ್ಲಿ ಸಂಖ್ಯೆ 780 ಮುಟ್ಟಿತು. ಕರ್ನಾಟಕದಲ್ಲಿ 1924ರ ಮೈಸೂರು ವೈದ್ಯಕೀಯ ಕಾಲೇಜು, 1953ರ ಮಣಿಪಾಲದ ಕಸ್ತೂರಬಾ ಕಾಲೇಜಿನಂಥ ಹಳೆಯ ಮನೆಗಳ ಪಕ್ಕದಲ್ಲಿ ಕೊಪ್ಪಳ, ಗದಗ, ಕೊಡಗು, ಚಾಮರಾಜನಗರ, ಹಾವೇರಿ, ಯಾದಗಿರಿಗಳಲ್ಲಿ ಹೊಸ ಸರ್ಕಾರಿ ಕಾಲೇಜುಗಳು ಎದ್ದವು. ಜಿಲ್ಲೆಯ ರೋಗಿಗಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಕಟ್ಟಡದಷ್ಟು ಬೇಗ ಪ್ರಾಧ್ಯಾಪಕರು ಏಳುವುದಿಲ್ಲ. ಹಳೆಯ ಕಾಲೇಜಿನಲ್ಲಿ ಕಿರಿಯ ಬೋಧಕಿಯೊಬ್ಬರಿಗೆ ಪ್ರಬಂಧ ತಿದ್ದಿಕೊಡಲು, ಕಷ್ಟದ ಶಸ್ತ್ರಚಿಕಿತ್ಸೆಯಲ್ಲಿ ಎದುರು ನಿಲ್ಲಲು ಐದಾರು ಹಿರಿಯರಿರುತ್ತಾರೆ. ಮೂರು ಜನರ ಹೊಸ ವಿಭಾಗದಲ್ಲಿ ಒಬ್ಬರು ರಜೆಯಲ್ಲಿದ್ದರೆ, ಇನ್ನೊಬ್ಬರು ಪರೀಕ್ಷಾ ಡ್ಯೂಟಿಯಲ್ಲಿದ್ದರೆ, ಉಳಿದವರೇ ಗುರು, ಉಳಿದವರೇ ಶಿಷ್ಯ.

ಇನ್‌ಸ್ಪೆಕ್ಷನ್ ದಿನ ಮಾತ್ರ ಕಾಣಿಸಿಕೊಂಡು ಮಾಯವಾಗುವ ‘ಭೂತ ಬೋಧಕರ’ ಕಾಟ ತಡೆಯಲು ಆಯೋಗ ಆಧಾರ್ ಆಧಾರಿತ ಹಾಜರಿ ತಂದಿತು. ಕನಿಷ್ಠ ಶೇಕಡ 75ರಷ್ಟು ಹಾಜರಿ ಕಡ್ಡಾಯವಾಯಿತು. 2025ರ ಮೇ 1ರಿಂದ ಬೆರಳಿನ ಬದಲು ಮುಖ ತೋರಿಸಬೇಕು, ಜಾಗವನ್ನು ಜಿಪಿಎಸ್ ಹೇಳುತ್ತದೆ. ಕಳ್ಳರಿಗಾಗಿ ಹಾಕಿದ ಬೇಲಿ ಇದು, ಅಗತ್ಯವೂ ಇತ್ತು. ಆದರೆ ರಾತ್ರಿಯೆಲ್ಲ ತುರ್ತು ಶಸ್ತ್ರಚಿಕಿತ್ಸೆ ಮಾಡಿ ಬೆಳಗಿನ ಜಾವ ಮನೆಗೆ ಹೋದವರೂ ಮತ್ತೆ ಬೆಳಿಗ್ಗೆ ಬಂದು ಅದೇ ಕ್ಯಾಮೆರಾಗೆ ಮುಖ ಒಡ್ಡಬೇಕು. ಬೋಧಕರು ಕಾಲೇಜಿನಲ್ಲಿದ್ದರೇ ಎಂಬುದನ್ನು ಯಂತ್ರ ಹೇಳುತ್ತದೆ. ಅಲ್ಲಿದ್ದು ಏನು ಕಲಿಸಿದರು, ಏನು ಕಲಿತರು ಎಂಬುದು ಅದರ ಕೆಲಸವಲ್ಲ.

ಬೋಧಕರ ಬರ ನೀಗಿಸಲು 2025ರಲ್ಲಿ ಬಂದ ಹೊಸ ಅರ್ಹತಾ ನಿಯಮಗಳು ಬಾಗಿಲನ್ನು ಅಗಲಿಸಿವೆ. 220 ಹಾಸಿಗೆಗಿಂತ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದ ಸ್ನಾತಕೋತ್ತರ ತಜ್ಞರು ಎರಡು ವರ್ಷದ ಅನುಭವದ ಮೇಲೆ ಸಹಾಯಕ ಪ್ರಾಧ್ಯಾಪಕರಾಗಬಹುದು, ಹತ್ತು ವರ್ಷವಾದವರು ಸಹ ಪ್ರಾಧ್ಯಾಪಕರಾಗಬಹುದು. ಸಂಶೋಧನೆಯ ಮೂಲ ಕೋರ್ಸನ್ನು ಎರಡು ವರ್ಷದೊಳಗೆ ಮುಗಿಸಬೇಕಷ್ಟೆ. ಕಾಲೇಜಿನ ಹಳೆಯ ಬೋಧಕರಿಗೆ ಇದು ಹಿಂಬಾಗಿಲ ಪ್ರವೇಶವೆನಿಸಿದೆ. ಜಿಲ್ಲಾ ಆಸ್ಪತ್ರೆಯ ತಜ್ಞರ ವಾದ ಬೇರೆ: ಹಾವು ಕಚ್ಚಿದವರನ್ನು, ವಿಷ ಕುಡಿದವರನ್ನು, ರಕ್ತಸ್ರಾವದ ಬಾಣಂತಿಯರನ್ನು ವರ್ಷವಿಡೀ ನೋಡಿದವರು ತಾವು, ಕಲಿಸಲು ತಮಗಿಂತ ಯೋಗ್ಯರು ಯಾರು? ಎರಡನೆಯ ವಾದದಲ್ಲಿ ತೂಕವಿದೆ. ಆದರೆ ಕಲಿಸುವ ವಿದ್ಯೆ ಅನುಭವದಿಂದ ತಾನಾಗಿ ಬರುವುದಿಲ್ಲ ಎಂಬ ಕಾರಣಕ್ಕೇ ಇಷ್ಟೆಲ್ಲ ತರಬೇತಿ ಶುರುವಾದದ್ದು. ಹೊಸಬರಿಗೆ ಆ ತರಬೇತಿ ಎಷ್ಟು ಬೇಗ ಸಿಗುತ್ತದೆ ಎಂಬುದರ ಮೇಲೆ ಈ ನಿಯಮದ ಫಲ ನಿಂತಿದೆ.

ಸ್ಟಾಫ್ ರೂಮಿನೊಳಗೆ ಇನ್ನೊಂದು ಗೆರೆಯಿದೆ, ಹೊರಗಿನವರಿಗೆ ಅದು ಕಾಣುವುದಿಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಎಂಬಿಬಿಎಸ್ ಓದದ, ವೈದ್ಯಕೀಯ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಮಾಡಿದ ಬೋಧಕರು ದಶಕಗಳಿಂದ ಕಲಿಸುತ್ತ ಬಂದಿದ್ದಾರೆ. ಹಳೆಯ ನಿಯಮದಲ್ಲಿ ಅವರಿಗೆ ಶೇಕಡ 30ರವರೆಗೆ, ಜೀವರಸಾಯನಶಾಸ್ತ್ರದಲ್ಲಿ ಶೇಕಡ 50ರವರೆಗೆ ಜಾಗವಿತ್ತು. 2020ರಲ್ಲಿ ಅದನ್ನು ಶೇಕಡ 15ಕ್ಕೆ ಇಳಿಸಿ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರಗಳಲ್ಲಿ ಪೂರ್ತಿ ಮುಚ್ಚಲಾಯಿತು. ಆ ಎರಡು ವಿಭಾಗಗಳ ಬಾಗಿಲು 2025ರಲ್ಲಿ ಮತ್ತೆ ತೆರೆದಿದೆ. ಮೊದಲ ವರ್ಷದ ವಿದ್ಯಾರ್ಥಿಗೆ ನರಮಂಡಲ ಅರ್ಥ ಮಾಡಿಸಿದವರು ಎಂಬಿಬಿಎಸ್ಸೋ ಎಂ.ಎಸ್ಸಿ.ಯೋ ಎಂಬುದು ನೆನಪಿನಲ್ಲೂ ಇರುವುದಿಲ್ಲ. ಬೋಧಕರಿಗೆ ಮಾತ್ರ ಅದೇ ಬದುಕು.

ಹೆಣ್ಣುಮಕ್ಕಳು ವೈದ್ಯಕೀಯ ತರಗತಿಗಳನ್ನು ತುಂಬಿ ಬಹಳ ಕಾಲವಾಯಿತು. ಪ್ರಾಂಶುಪಾಲರ, ನಿರ್ದೇಶಕರ ಕುರ್ಚಿಗಳಲ್ಲಿ ಆ ಪ್ರಮಾಣ ಕಾಣುವುದಿಲ್ಲ. ದೆಹಲಿಯ ಏಮ್ಸ್‌ಗೆ ಮೊದಲ ಮಹಿಳಾ ನಿರ್ದೇಶಕಿಯಾಗಿ ವಿಕಿರಣತಜ್ಞೆ ಸ್ನೇಹ್ ಭಾರ್ಗವ ಬಂದದ್ದು 1984ರಲ್ಲಿ, ಇಂದಿರಾ ಗಾಂಧಿಯವರ ದೇಹವನ್ನು ಆ ಆಸ್ಪತ್ರೆಗೆ ತಂದ ಹೊತ್ತಿನಲ್ಲೇ. ಅಲ್ಲಿಂದೀಚೆಗೆ ನಾಲ್ಕು ದಶಕ ಕಳೆದರೂ ಆ ಸಂಸ್ಥೆಗೆ ಎರಡನೆಯ ಮಹಿಳಾ ನಿರ್ದೇಶಕಿ ಬಂದಿಲ್ಲ.

ಹೆಂಗಸರು ಹಿಂದುಳಿಯುವುದು ಏಕೆಂಬುದಕ್ಕೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯಶಾಸ್ತ್ರ ವಿಭಾಗ 1990ರಲ್ಲಿ ಕಣ್ಣು ಬಿಟ್ಟು ಉತ್ತರ ಹುಡುಕಿತು. ಸಿಕ್ಕ ಉತ್ತರಗಳು ಸಿದ್ಧಾಂತದವಲ್ಲ, ಮನೆವಾರ್ತೆಯಂಥವು. ಮಹಿಳೆಯರ ಹೆಸರನ್ನು ಬಡ್ತಿಗೆ ಸೂಚಿಸುವವರು ತಡ ಮಾಡುತ್ತಿದ್ದರು. ಬಡ್ತಿಗೆ ಏನೇನು ಬೇಕೆಂದು ಅವರಿಗೆ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಮುಖ್ಯ ಸಭೆಗಳು ಸಂಜೆ ಮತ್ತು ಶನಿವಾರ, ಮಕ್ಕಳು ಮನೆಯಲ್ಲಿರುವ ಹೊತ್ತಿಗೆ ನಡೆಯುತ್ತಿದ್ದವು. ಸಂಬಳದಲ್ಲಿ ವ್ಯತ್ಯಾಸವಿತ್ತು. ವಿಭಾಗ ಪ್ರತಿವರ್ಷ ಎಲ್ಲರ ಪ್ರಗತಿ ನೋಡಿತು, ಮಾರ್ಗದರ್ಶಕರನ್ನು ಗೊತ್ತುಮಾಡಿತು, ಸಭೆಗಳನ್ನು ಕೆಲಸದ ವೇಳೆಗೆ ತಂದಿತು, ಸಂಬಳ ಸರಿಪಡಿಸಿತು. 1990ರಲ್ಲಿ ನಾಲ್ವರಿದ್ದ ಮಹಿಳಾ ಸಹ ಪ್ರಾಧ್ಯಾಪಕರು 1995ಕ್ಕೆ 26 ಮಂದಿಯಾದರು. ಬಡ್ತಿಯ ಮಾನದಂಡವನ್ನೇನೂ ಸಡಿಲಿಸಿರಲಿಲ್ಲ. ಇದರಿಂದ ಗಂಡಸರಿಗೂ ಅನುಕೂಲವಾಯಿತೆಂದು ಆ ಪ್ರಯತ್ನದ ವರದಿಯೇ ಹೇಳುತ್ತದೆ. ಶನಿವಾರದ ಸಭೆ ಯಾರಿಗೆ ತಾನೇ ಇಷ್ಟ?

ಭಾರತದಲ್ಲಿ ಇಂಥ ಕ್ರಮಗಳ ಕೆಲವು ತುಣುಕುಗಳು ಕಾನೂನಾಗಿ ಬಂದಿವೆ. 26 ವಾರಗಳ ಹೆರಿಗೆ ರಜೆ 2017ರಲ್ಲಿ ಬಂತು, ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಕೊಟ್ಟಿತು. ಆದರೆ ರಾತ್ರಿ ಪಾಳಿಯ ವೈದ್ಯೆಗೆ ಚಿಲಕವಿರುವ ವಿಶ್ರಾಂತಿ ಕೊಠಡಿ ಸಿಗುವುದೇ ಎಂಬ ಪ್ರಶ್ನೆ ದೇಶದ ಬಾಯಿಗೆ ಬರಲು 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯಂಥ ಘೋರ ಕೃತ್ಯವೇ ನಡೆಯಬೇಕಾಯಿತು. ಸುಪ್ರೀಂ ಕೋರ್ಟ್ ಆಗ ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಜಾತಿಯ ಮಾತು ವೈದ್ಯಕೀಯ ಕಾಲೇಜುಗಳಲ್ಲಿ ಪಿಸುದನಿಯಲ್ಲಿ ನಡೆಯುತ್ತದೆ. ಸುಖದೇವ್ ಥೋರಟ್ ನೇತೃತ್ವದ ಸಮಿತಿ 2007ರಲ್ಲಿ ಏಮ್ಸ್ ಕುರಿತು ಕೊಟ್ಟ ವರದಿ ಅದನ್ನು ಗಟ್ಟಿಯಾಗಿ ಹೇಳಿತು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಷ್ಟೇ ಅಲ್ಲ, ಬೋಧಕರೂ ತಾರತಮ್ಯ ಅನುಭವಿಸುತ್ತಿದ್ದಾರೆಂದು ಅದು ದಾಖಲಿಸಿತು. ಆಂತರಿಕ ಮೌಲ್ಯಮಾಪನ, ಮೌಖಿಕ ಪರೀಕ್ಷೆ, ಸಂದರ್ಶನಗಳಂತೆ ಒಬ್ಬರ ವಿವೇಚನೆಗೆ ಬಿಟ್ಟ ಕಡೆಗಳಲ್ಲೆಲ್ಲ ಪೂರ್ವಗ್ರಹಕ್ಕೆ ಜಾಗ ಸಿಗುತ್ತದೆ. ವೈದ್ಯಕೀಯ ಶಿಕ್ಷಣದಲ್ಲಿ ಅಂಥ ಜಾಗಗಳು ಬೇಕಾದಷ್ಟಿವೆ.

ಅಂಗವೈಕಲ್ಯದ ವಿಷಯದಲ್ಲಿ ಭಾರತಕ್ಕೆ ಬಹಳ ಹಿಂದೆಯೇ ಒಂದು ಉಜ್ವಲ ನಿದರ್ಶನ ಸಿಕ್ಕಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ವೈದ್ಯವೃತ್ತಿ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿಯಬಹುದಿತ್ತು. ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಪಾಲ್ ಬ್ರಾಂಡ್ ಬೇರೆ ರೀತಿ ಯೋಚಿಸಿದರು. ಕೈಯ ಶಸ್ತ್ರಚಿಕಿತ್ಸೆಯನ್ನು ಹೇಗೂ ಕೂತೇ ಮಾಡುವುದು, ಗಾಲಿಕುರ್ಚಿಯಲ್ಲಿ ಕೂತರೇನು? ಮೇರಿ ಗಾಲಿಕುರ್ಚಿಯಿಂದಲೇ ಆ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು, ಮುಂದೆ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. ಒಳರೋಗಿಗಳ ಪುನರ್ವಸತಿ ಕೇಂದ್ರ 1966ರಲ್ಲಿ ತೆರೆಯಿತು, 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಯಾರೂ ಅವರಿಗೆ ರಿಯಾಯಿತಿ ಕೊಡಲಿಲ್ಲ. ಕೆಲಸವನ್ನು ಬಿಡಿಸಿ ನೋಡಿ, ಅದಕ್ಕೆ ಕಾಲು ಬೇಕೇ ಎಂದು ಕೇಳಿದರು, ಅಷ್ಟೆ.

ಅರವತ್ತು ವರ್ಷಗಳ ಬಳಿಕವೂ ವೈದ್ಯಕೀಯ ಪ್ರವೇಶದ ಮಾರ್ಗಸೂಚಿ ‘ಎರಡೂ ಕೈಗಳು ಸುಸ್ಥಿತಿಯಲ್ಲಿರಬೇಕು’ ಎನ್ನುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಶೇಕಡ 5, ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರ ಮೀಸಲಾತಿ ಕೊಟ್ಟಿದ್ದರೂ ಆ ವಾಕ್ಯ ಅಲುಗಲಿಲ್ಲ. ಕಡೆಗೆ 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪತಕ್ಕದ್ದಲ್ಲ ಎಂದಿತು. ವೈದ್ಯರೂ ಬೋಧಕರೂ ಆಗಿರುವ ಅಂಗವಿಕಲರು ಸಂಘಟಿತರಾಗಿ ನಡೆಸಿದ ಹೋರಾಟ ಇದರ ಹಿಂದಿದೆ. ದೆಹಲಿಯ ಶರೀರಕ್ರಿಯಾಶಾಸ್ತ್ರ ಪ್ರಾಧ್ಯಾಪಕ ಸತೇಂದ್ರ ಸಿಂಗ್ ಅವರಲ್ಲಿ ಪ್ರಮುಖರು.

ಕರ್ನಾಟಕದ ಕಾಲೇಜುಗಳಲ್ಲಿ ಭಾಷೆಯೂ ಒಳಗು ಹೊರಗನ್ನು ತೀರ್ಮಾನಿಸುತ್ತದೆ. ಹೊರ ರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆ ಕಲಿಸಬೇಕೆಂದು 2019ರ ಪಠ್ಯಕ್ರಮದ ಬುನಾದಿ ಕೋರ್ಸ್ ಹೇಳಿತು. ಹೊರಗಿನಿಂದ ಬಂದ ಬೋಧಕರು ತಾವಾಗಿಯೇ ಕಲಿಯಬೇಕು. ಪುಸ್ತಕದ ಕನ್ನಡ ಕಲಿತು ಕಲಬುರಗಿಯ ವಾರ್ಡಿಗೆ ಬಂದವರಿಗೆ ‘ಹೊಟ್ಟೆ ಬ್ಯಾನಿ’, ‘ದಮ್ಮು ಹತ್ತತೈತಿ’ ಎಂಬ ಮಾತು ಬಿಡಿಸಿ ಹೇಳಲು ಒಬ್ಬ ನರ್ಸ್ ಬೇಕು. ಇಂಥ ನರ್ಸ್ ಸಿಕ್ಕಿದಲ್ಲಿ ಬೋಧಕರು ಬೇರು ಬಿಡುತ್ತಾರೆ, ಸಿಗದ ಕಡೆ ವರ್ಗಾವಣೆಯ ಅರ್ಜಿ ಬರೆಯುತ್ತಾರೆ. ಹೊಸ ಜಿಲ್ಲಾ ಕಾಲೇಜುಗಳಲ್ಲಿ ಬೋಧಕರು ನಿಲ್ಲದಿರುವುದಕ್ಕೆ ಸಂಬಳ, ಮಕ್ಕಳ ಶಾಲೆಗಳ ಜೊತೆ ಇದೂ ಒಂದು ಕಾರಣ.

ಒಂಟಿಯಾದ ಬೋಧಕರನ್ನು ಬೆಸೆಯಲು ಭಾರತದಲ್ಲಿ ಹೆಚ್ಚು ಕೆಲಸ ಮಾಡಿದ್ದು ವೈದ್ಯಕೀಯ ಶಿಕ್ಷಣದ ಪ್ರತಿಷ್ಠಾನವಾದ ಫೈಮರ್ ಕೊಡುವ ಫೆಲೋಶಿಪ್. ಫಿಲಡೆಲ್ಫಿಯಾದ ಈ ಪ್ರತಿಷ್ಠಾನ 2005ರಲ್ಲಿ ಮುಂಬೈನ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ, ನಂತರ ಲೂಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಮತ್ತು ಕೊಯಮತ್ತೂರಿನ ಪಿಎಸ್‌ಜಿಯಲ್ಲಿ ಪ್ರಾದೇಶಿಕ ಕೇಂದ್ರ ತೆರೆಯಿತು. ಮಣಿಪಾಲದಲ್ಲಿ ವೈದ್ಯರು, ದಾದಿಯರು, ಫಿಸಿಯೊಥೆರಪಿಯವರು ಒಟ್ಟಿಗೆ ಕಲಿಸುವ ವಿಧಾನಕ್ಕೆಂದೇ ಅದರ ಸಹಯೋಗದ ಸಂಸ್ಥೆಯೊಂದಿದೆ. ಪ್ರಾದೇಶಿಕ ಕೇಂದ್ರಗಳ ಕೋರ್ಸ್ ಎರಡು ವರ್ಷದ್ದು, ಕೆಲಸ ಬಿಡಬೇಕಿಲ್ಲ. ಕೇಂದ್ರದಲ್ಲಿ ಕೆಲ ದಿನ ಕಳೆದು, ಉಳಿದ ಕಾಲ ತಮ್ಮ ಕಾಲೇಜಿನಲ್ಲೇ ಒಂದು ಬದಲಾವಣೆಯನ್ನು ಮಾಡಿ ತೋರಿಸಬೇಕು: ಒಂದು ಪರೀಕ್ಷಾ ಪದ್ಧತಿ, ಒಂದು ಹೊಸ ಪಾಠಕ್ರಮ, ಇಂಟರ್ನ್‌ಗಳಿಗೊಂದು ತರಬೇತಿ. ಪ್ರಾಂಶುಪಾಲರ ಒಪ್ಪಿಗೆ ಪಡೆಯುವುದು, ತಕರಾರು ಮಾಡುವ ಹಿರಿಯರನ್ನು ಒಲಿಸುವುದು ಎಲ್ಲವೂ ಆ ಕಲಿಕೆಯ ಭಾಗವೇ. ಕೋರ್ಸ್ ಮುಗಿಸಿದ ಎಷ್ಟೋ ಜನ ಮುಂದಿನ ತಂಡಗಳಿಗೆ ಮಾರ್ಗದರ್ಶಕರಾಗಿ ಮರಳುತ್ತಾರೆ. ಅದಕ್ಕೆ ಸಂಭಾವನೆ ದೊಡ್ಡದಲ್ಲ, ಬಡ್ತಿಯ ಅರ್ಜಿಯಲ್ಲಿ ಅದನ್ನು ಬರೆಯಲು ಒಂದು ಕಾಲಂ ಕೂಡ ಇಲ್ಲ.